ಚಿತ್ರನಗರಿಯ ನೆರಳಿನ ಹಾಡಿಗಳು: ಮುಂಬಯಿಯ ಆದಿವಾಸಿ ಬದುಕು ಮತ್ತು ಚಲನಚಿತ್ರ

1

ಮುಂಬಯಿಯನ್ನು ಕುರಿತು ಕನ್ನಡದಲ್ಲಿ ನಡೆದಿರುವ ಅಧ್ಯಯನಗಳು ಬಹುಮಟ್ಟಿಗೆ ವಲಸೆಯ ಅಧ್ಯಯನಗಳು. ಕರಾವಳಿಯಿಂದಲೂ ಉತ್ತರ ಕರ್ನಾಟಕದಿಂದಲೂ ಆ ನಗರಕ್ಕೆ ಹೋದವರು ಕಟ್ಟಿದ ಹೋಟೆಲು, ರಾತ್ರಿಶಾಲೆ, ಸಂಘ, ಪತ್ರಿಕೆ, ರಂಗಭೂಮಿಗಳ ಇತಿಹಾಸವನ್ನು ನಮ್ಮ ವಿದ್ವಾಂಸರು ಶ್ರದ್ಧೆಯಿಂದ ದಾಖಲಿಸಿದ್ದಾರೆ. ಯಶವಂತ ಚಿತ್ತಾಲರ ‘ಶಿಕಾರಿ’ (1979) ಮೊದಲಾಗಿ ಜಯಂತ ಕಾಯ್ಕಿಣಿಯವರ ಕಥೆಗಳವರೆಗೆ ನಮ್ಮ ಸೃಜನಶೀಲ ಸಾಹಿತ್ಯವೂ ಹೊರಗಿನಿಂದ ಬಂದವನ ಕಣ್ಣಿನಿಂದಲೇ ಆ ಮಹಾನಗರವನ್ನು ಕಂಡಿದೆ. ಇದು ಸಹಜವೇ. ಆದರೆ ಎಲ್ಲರೂ ಬಂದವರೇ ಆದ ಊರಿನಲ್ಲಿ ಬರುವುದಕ್ಕೆ ಮುಂಚೆ ಇದ್ದವರು ಯಾರು, ಅವರು ಈಗ ಎಲ್ಲಿದ್ದಾರೆ ಎಂಬ ಪ್ರಶ್ನೆಯನ್ನು ಈ ದೃಷ್ಟಿಕೋನವು ತಾನಾಗಿ ಎತ್ತುವುದಿಲ್ಲ. ಪ್ರಸ್ತುತ ಲೇಖನದಲ್ಲಿ ನಾವು ಆ ಪ್ರಶ್ನೆಯನ್ನು ಚಲನಚಿತ್ರದ ಇತಿಹಾಸದ ಮೂಲಕ ಪರಿಶೀಲಿಸಲು ಯತ್ನಿಸಿದ್ದೇವೆ. ದೇಶದ ಅತಿದೊಡ್ಡ ಚಿತ್ರೋದ್ಯಮಗಳಲ್ಲೊಂದು ನೆಲೆಸಿರುವ ನಗರದಲ್ಲಿ, ಆ ನಗರದ ಮೂಲನಿವಾಸಿಗಳು ತೆರೆಯ ಮೇಲೆ ಹೇಗೆ ಕಾಣಿಸಿಕೊಂಡರು, ಹೇಗೆ ಕಾಣದೆ ಹೋದರು, ಇಂದು ಕ್ಯಾಮರಾ ಯಾರ ಕೈಯಲ್ಲಿದೆ ಎಂಬುದು ಇಲ್ಲಿನ ವಿಚಾರ.

ಪದಗಳನ್ನು ಕುರಿತು ಒಂದು ಸ್ಪಷ್ಟೀಕರಣ ಅಗತ್ಯ. ಮುಂಬಯಿಯ ಮೂಲನಿವಾಸಿಗಳೆಂದರೆ ಸಾಮಾನ್ಯವಾಗಿ ಕಡಲಂಚಿನ ಕೋಳಿ ಬೆಸ್ತರ ನೆನಪು ಬರುತ್ತದೆ. ಮುಂಬಾದೇವಿಯ ಹೆಸರೂ ಕೋಳಿವಾಡಾಗಳೂ ನಗರದ ಸ್ಮೃತಿಯಲ್ಲಿ ಉಳಿದಿವೆ. ಕೋಳಿ ಹಾಡು, ಕೋಳಿ ಕುಣಿತ, ಕೋಳಿ ಉಡುಗೆಗಳು ಚಿತ್ರೋದ್ಯಮಕ್ಕೆ ಬಹುಕಾಲದಿಂದ ಪರಿಚಿತ ಅಲಂಕಾರಗಳು. ಆದರೆ ಸಾಷ್ಟಿ ದ್ವೀಪದ ಒಳನಾಡಿನಲ್ಲಿ, ಇಂದಿನ ಗೋರೆಗಾಂವ್, ಬೊರಿವಲಿ, ಮುಲುಂಡ್‌ಗಳ ನಡುವಣ ಗುಡ್ಡಕಾಡಿನಲ್ಲಿ, ವಾರ್ಲಿ, ಕಾತಕರಿ, ಮಲ್ಹಾರ ಕೋಳಿ, ಕೋಕಣಾ ಮೊದಲಾದ ಪರಿಶಿಷ್ಟ ಪಂಗಡಗಳ ಜನ ವಾಸಿಸುತ್ತಾರೆ. ಅವರ ವಸತಿಗಳನ್ನು ಮರಾಠಿಯಲ್ಲಿ ‘ಪಾಡಾ’ ಎನ್ನುವರು. ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟಗಳ ಸಂದರ್ಭದಲ್ಲಿ ಕನ್ನಡಿಗರಿಗೆ ಪರಿಚಿತವಾದ ‘ಹಾಡಿ’ ಎಂಬ ಪದ ಇದಕ್ಕೆ ಅತ್ಯಂತ ಸಮೀಪವಾದುದರಿಂದ ನಾವು ಅದನ್ನೇ ಬಳಸಿದ್ದೇವೆ. 2011ರ ಜನಗಣತಿಯಂತೆ ಮುಂಬಯಿ ನಗರ ಮತ್ತು ಉಪನಗರ ಜಿಲ್ಲೆಗಳಲ್ಲಿ ಪರಿಶಿಷ್ಟ ಪಂಗಡಗಳ ಪ್ರಮಾಣ ಶೇಕಡಾ 1ರ ಆಸುಪಾಸಿನಲ್ಲಿದೆ. ಸಂಖ್ಯೆ ಅಲ್ಪ, ಆದರೆ ಅವರು ನಿಂತ ನೆಲ ಅಲ್ಪವಲ್ಲ.

2

ಈ ನೆಲದ ಆಧುನಿಕ ಚರಿತ್ರೆ ಹಾಲಿನಿಂದ ಆರಂಭವಾಗುತ್ತದೆ. ಬೆಳೆಯುತ್ತಿದ್ದ ನಗರಕ್ಕೆ ಶುದ್ಧ ಹಾಲನ್ನು ಒದಗಿಸಲು, ನಗರದೊಳಗಿನ ಎಮ್ಮೆಕೊಟ್ಟಿಗೆಗಳನ್ನು ಹೊರಗೆ ಸಾಗಿಸಲು, ಮುಂಬಯಿ ಸರಕಾರವು 1949ರಲ್ಲಿ ಗೋರೆಗಾಂವ್‌ನ ಪೂರ್ವಕ್ಕೆ ಆರೆ ಹಾಲು ಕಾಲೊನಿಯನ್ನು ಸ್ಥಾಪಿಸಿತು. ಮೂರು ಸಾವಿರಕ್ಕೂ ಹೆಚ್ಚು ಎಕರೆಗಳ ಈ ಪ್ರದೇಶವನ್ನು 1951ರಲ್ಲಿ ಪ್ರಧಾನಿ ನೆಹರೂ ಉದ್ಘಾಟಿಸಿದರು. ಕೊಟ್ಟಿಗೆಗಳು, ಹುಲ್ಲುಗಾವಲುಗಳು, ವಿಹಾರತಾಣ, ‘ಛೋಟಾ ಕಾಶ್ಮೀರ’ ಎಂಬ ಹೆಸರಿನ ಉದ್ಯಾನ ಇವೆಲ್ಲ ಅಲ್ಲಿ ತಲೆಯೆತ್ತಿದವು. ಇಂದು ಆರೆಯ ಹಾಡಿಗಳ ಸಂಖ್ಯೆಯನ್ನು ಸಾಮಾನ್ಯವಾಗಿ 27 ಎಂದು ಹೇಳಲಾಗುತ್ತದೆ. ಕಾಲೊನಿಗಿಂತ ಮೊದಲೇ ತಾವು ಅಲ್ಲಿದ್ದೆವೆಂಬುದು ಅಲ್ಲಿನ ಹಿರಿಯರ ನಿಲುವು. 1882ರ ಠಾಣೆ ಜಿಲ್ಲೆಯ ಗೆಜೆಟಿಯರು ವಾರ್ಲಿ, ಕಾತಕರಿ, ಠಾಕೂರರನ್ನು ಆ ಜಿಲ್ಲೆಯ ಜನವರ್ಗಗಳ ನಡುವೆ ವಿವರವಾಗಿ ವರ್ಣಿಸಿದೆ. ಸಾಷ್ಟಿ ಆಗ ಆ ಜಿಲ್ಲೆಗೇ ಸೇರಿತ್ತು.

1977ರಲ್ಲಿ ಇದೇ ಗುಡ್ಡಗಾಡಿನ ಒಂದು ಭಾಗದಲ್ಲಿ ಮಹಾರಾಷ್ಟ್ರ ಸರಕಾರವು ಚಿತ್ರನಗರಿಯನ್ನು ನಿರ್ಮಿಸಿತು. ಮುಂದೆ ಅದಕ್ಕೆ ದಾದಾಸಾಹೇಬ ಫಾಳ್ಕೆಯವರ ಹೆಸರಿಡಲಾಯಿತು. ಕೆರೆ, ಗುಡಿ, ಹಳ್ಳಿ, ನ್ಯಾಯಾಲಯ, ಕಾಡು ಹೀಗೆ ಚಿತ್ರಕ್ಕೆ ಬೇಕಾದುದನ್ನೆಲ್ಲ ಒಂದೇ ಆವರಣದಲ್ಲಿ ಒದಗಿಸುವುದು ಅದರ ಉದ್ದೇಶ. ಆ ಆವರಣದ ಎಲ್ಲೆಯೊಳಗೂ ಆದಿವಾಸಿ ಹಾಡಿಗಳು ಉಳಿದಿವೆ. ಹೀಗೆ ಹುಸಿ ಹಳ್ಳಿಯೂ ನಿಜ ಹಾಡಿಯೂ ಒಂದರ ಪಕ್ಕದಲ್ಲೊಂದು ನಿಂತಿರುವ ವಿಚಿತ್ರ ಸನ್ನಿವೇಶವೊಂದು ಏರ್ಪಟ್ಟಿತು. ಚಿತ್ರಕ್ಕಾಗಿ ಕಟ್ಟಿದ ಹಳ್ಳಿಯ ಮೇಲೆ ಸಾವಿರ ಕ್ಯಾಮರಾಗಳ ದೃಷ್ಟಿ ಬಿದ್ದಿದೆ. ಪಕ್ಕದ ಹಾಡಿಯನ್ನು ಚೌಕಟ್ಟಿನ ಹೊರಗಿಡುವುದೇ ಛಾಯಾಗ್ರಾಹಕನ ಕೆಲಸವಾಗಿದೆ.

3

ಹಾಗೆಂದು ಮುಂಬಯಿಯ ಚಿತ್ರೋದ್ಯಮಕ್ಕೆ ಆದಿವಾಸಿಯ ಬಗೆಗೆ ಆಸಕ್ತಿ ಇರಲಿಲ್ಲವೆಂದಲ್ಲ. ಆಸಕ್ತಿ ಮೊದಲಿನಿಂದಲೂ ಇದೆ; ಅದರ ಸ್ವರೂಪ ಮಾತ್ರ ವಿಚಾರಾರ್ಹವಾದುದು. ಹಿಮಾಂಶು ರಾಯ್ ಅವರು 1934ರಲ್ಲಿ ಮಲಾಡ್‌ನಲ್ಲಿ ಸ್ಥಾಪಿಸಿದ ಬಾಂಬೆ ಟಾಕೀಸ್ ಸಂಸ್ಥೆಯು 1937ರಲ್ಲಿ ‘ಇಜ್ಜತ್’ ಚಿತ್ರವನ್ನು ತಯಾರಿಸಿತು. ಭೀಲರು ಮತ್ತು ಮರಾಠರ ನಡುವಣ ವೈರವು ಅದರ ವಸ್ತು. ನಿರ್ದೇಶಕ ಜರ್ಮನಿಯ ಫ್ರಾಂಜ್ ಓಸ್ಟೆನ್. ಭೀಲ ಯುವತಿಯ ಪಾತ್ರದಲ್ಲಿ ದೇವಿಕಾರಾಣಿ. ಮುಂದೆ ಬೆಂಗಳೂರಿನ ಬಳಿಯ ತಾತಗುಣಿಯಲ್ಲಿ ನೆಲೆಸಿ ಕನ್ನಡಿಗರಿಗೂ ಪರಿಚಿತರಾದ ಈ ಅಭಿನೇತ್ರಿಯೇ ಹಿಂದಿ ತೆರೆಯ ಮೊದಮೊದಲ ಆದಿವಾಸಿ ನಾಯಕಿಯರಲ್ಲಿ ಒಬ್ಬರೆಂಬುದು ಗಮನಾರ್ಹ. ಮೆಹಬೂಬ್ ಖಾನರ ‘ರೋಟಿ’ (1942) ಹಣವನ್ನೇ ಅರಿಯದ ಬುಡಕಟ್ಟಿನ ಲೋಕವೊಂದನ್ನು ಕಲ್ಪಿಸಿ, ಅದನ್ನು ನಗರದ ಬಂಡವಾಳದ ಎದುರಿಗೆ ನಿಲ್ಲಿಸಿತು. ಟೀಕೆಯ ಗುರಿ ಬಂಡವಾಳವೇ ಹೌದು; ಆದರೆ ಆ ಟೀಕೆಗಾಗಿ ಆದಿವಾಸಿಯು ಚರಿತ್ರೆಯ ಹೊರಗೆ ನಿಲ್ಲಬೇಕಾಯಿತು.

ಅದೇ ಕಾಲದ ವಾಸ್ತವ ಬೇರೆಯಾಗಿತ್ತು. ಮುಂಬಯಿ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಜಿ. ಎಸ್. ಘುರ್ಯೆ ಅವರು 1943ರ ತಮ್ಮ ಗ್ರಂಥದಲ್ಲಿ ‘ಮೂಲನಿವಾಸಿ’ ಎಂಬ ವರ್ಗೀಕರಣವನ್ನೇ ಪ್ರಶ್ನಿಸಿ, ಅವರನ್ನು ಹಿಂದುಳಿದ ಹಿಂದೂಗಳೆಂದು ಕರೆದರು. ವೆರಿಯರ್ ಎಲ್ವಿನ್ ಅವರೊಡನೆ ನಡೆದ ಈ ವಾದ ಪ್ರಸಿದ್ಧವಾದುದು. 1945ರಲ್ಲಿ ಕೆ. ಜೆ. ಸಾವೆ ಅವರ ವಾರ್ಲಿ ಜನಾಂಗವನ್ನು ಕುರಿತ ಗ್ರಂಥ ಮುಂಬಯಿಯಲ್ಲೇ ಪ್ರಕಟವಾಯಿತು. ಅದೇ ವರ್ಷ ತಲಾಸರಿ, ಡಹಾಣೂ ಪ್ರದೇಶದಲ್ಲಿ ಬಿಟ್ಟಿಚಾಕರಿ ಮತ್ತು ಜೀತದ ವಿರುದ್ಧ ವಾರ್ಲಿಗಳು ದಂಗೆಯೆದ್ದರು. ಅಕ್ಟೋಬರ್ 10ರಂದು ತಲವಾಡೆಯಲ್ಲಿ ಪೊಲೀಸರ ಗೋಲಿಬಾರಿಗೆ ಐವರು ಬಲಿಯಾದರು. ಆ ಹೋರಾಟದ ನೇತೃತ್ವ ವಹಿಸಿದ್ದ ಗೋದಾವರಿ ಪರುಳೇಕರರ ಮರಾಠಿ ಕೃತಿ 1972ರಲ್ಲಿ ಸಾಹಿತ್ಯ ಅಕಾದೆಮಿ ಪ್ರಶಸ್ತಿಯನ್ನು ಪಡೆಯಿತು. ವಿದ್ವಾಂಸನ ಗ್ರಂಥದಲ್ಲಿ ವಾರ್ಲಿಯು ವರ್ಗೀಕರಣದ ಸಮಸ್ಯೆ; ಚಿತ್ರದಲ್ಲಿ ಮುಗ್ಧತೆಯ ಪ್ರತಿಮೆ; ಸ್ಟುಡಿಯೋಗಳಿಂದ ಸುಮಾರು ನೂರು ಕಿಲೋಮೀಟರು ಉತ್ತರದಲ್ಲಿ ಕೂಲಿಗಾಗಿ ಹೋರಾಡುವ ರೈತ. ಈ ಮೂರು ರೂಪಗಳು ಒಂದನ್ನೊಂದು ಸಂಧಿಸಲಿಲ್ಲ.

ಇದಕ್ಕೆ ಅತ್ಯಂತ ಸ್ಪಷ್ಟ ನಿದರ್ಶನ ಬಿಮಲ್ ರಾಯ್ ಅವರ ‘ಮಧುಮತಿ’ (1958). ಕಥೆ ಋತ್ವಿಕ್ ಘಟಕರದು. ಅವರು ಅದಕ್ಕೆ ಮೊದಲು, 1955ರಲ್ಲಿ, ಬಿಹಾರದ ಆದಿವಾಸಿಗಳನ್ನು ಕುರಿತು ಸಾಕ್ಷ್ಯಚಿತ್ರವನ್ನು ತಯಾರಿಸಿದ್ದವರು. ಒರಾಂವ್ ಜನರ ಬದುಕನ್ನು ಹತ್ತಿರದಿಂದ ಕಂಡವರು. ಆದರೂ ‘ಮಧುಮತಿ’ಯ ನಾಯಕಿ ಯಾವ ನಿರ್ದಿಷ್ಟ ಸಮುದಾಯವನ್ನೂ ನೆನಪಿಸದ ಗುಡ್ಡದ ಕನ್ಯೆ. ಚಿತ್ರದ ಹೊರಾಂಗಣ ಚಿತ್ರೀಕರಣ ನೈನಿತಾಲದ ಸುತ್ತಮುತ್ತ ನಡೆಯಿತು. ಸಂಸ್ಕರಿಸಿ ನೋಡಿದಾಗ ಫಿಲ್ಮಿನ ಒಂದು ಭಾಗ ಮಸುಕಾಗಿ ಹಾಳಾಗಿತ್ತು. ಮತ್ತೆ ಅಷ್ಟು ದೂರ ಹೋಗುವುದು ಕಷ್ಟವಾದುದರಿಂದ ಕಲಾನಿರ್ದೇಶಕ ಸುಧೇಂದು ರಾಯ್ ಅವರ ತಂಡವು ಇಗತಪುರಿಯಲ್ಲಿ ಕೃತಕ ಪೈನ್ ಮರಗಳನ್ನು ನೆಟ್ಟು ಹಿಮಾಲಯವನ್ನು ಸೃಷ್ಟಿಸಿತು. ಕೆಲವು ದೃಶ್ಯಗಳನ್ನು ಆರೆ ಕಾಲೊನಿಯಲ್ಲಿ ಚಿತ್ರಿಸಲಾಯಿತು. ಒಂಬತ್ತು ಫಿಲ್ಮ್‌ಫೇರ್ ಪ್ರಶಸ್ತಿಗಳನ್ನು ಪಡೆದ ಈ ಚಿತ್ರದಲ್ಲಿ ಆರೆಯ ನೆಲವಿದೆ, ಗಿಡಮರವಿದೆ, ಕೃತಕ ಮಂಜೂ ಇದೆ. ಬುಡಕಟ್ಟಿನ ನಾಯಕಿಯೂ ಇದ್ದಾಳೆ. ಆ ನೆಲದ ಬುಡಕಟ್ಟು ಮಾತ್ರ ಇಲ್ಲ. ಇದನ್ನು ಒಬ್ಬ ನಿರ್ದೇಶಕನ ದೋಷವೆಂದು ನಾವು ಹೇಳುತ್ತಿಲ್ಲ. ಸಮೀಪದ ಆದಿವಾಸಿಯನ್ನು ಮರೆಸಿ ದೂರದ ಆದಿವಾಸಿಯನ್ನು ಕಟ್ಟುವ ಒಂದು ಪದ್ಧತಿಯೇ ಇಲ್ಲಿ ಕೆಲಸ ಮಾಡಿದೆ. ಮುಂದಿನ ದಶಕಗಳಲ್ಲಿ ಗರಿ, ಭರ್ಜಿ, ಅರ್ಥವಿಲ್ಲದ ಉದ್ಗಾರಗಳ ಕುಣಿತವಾಗಿ ಇಳಿದುಹೋದ ಜನಪ್ರಿಯ ಚಿತ್ರಗಳ ‘ಕಾಡುಜನ’ ಈ ಪದ್ಧತಿಯ ಅಗ್ಗದ ರೂಪ. ಅದನ್ನು ವಿಸ್ತರಿಸುವ ಅಗತ್ಯವಿಲ್ಲ.

4

ಎಪ್ಪತ್ತರ ದಶಕದ ಉತ್ತರಾರ್ಧದಲ್ಲಿ ಈ ಪದ್ಧತಿಯಲ್ಲಿ ಬಿರುಕು ಕಾಣಿಸಿತು. ಚಿತ್ರನಗರಿ ಸ್ಥಾಪನೆಯಾದ 1977ರಲ್ಲೇ ಜಬ್ಬಾರ್ ಪಟೇಲರ ಮರಾಠಿ ಚಿತ್ರ ‘ಜೈತ್ ರೇ ಜೈತ್’ ತೆರೆಕಂಡಿತು. ಗೋ. ನೀ. ದಾಂಡೇಕರರ ಕಾದಂಬರಿಯನ್ನು ಆಧರಿಸಿದ ಈ ಚಿತ್ರವು ಸಹ್ಯಾದ್ರಿಯ ಠಾಕರ್ ಸಮುದಾಯವನ್ನು ಹೆಸರಿಟ್ಟು ಗುರುತಿಸಿತು. ಅದರ ಡೋಲು, ದೈವ, ಜೇನುಬೇಟೆಗಳನ್ನು ಕಥೆಯ ಒಡಲಿನೊಳಗೇ ತಂದಿತು. ಆದರೆ ಅಲ್ಲಿಯೂ ಠಾಕರರ ಲೋಕ ತನ್ನಷ್ಟಕ್ಕೆ ತಾನು ಪೂರ್ಣವಾದುದು. ಬೆಟ್ಟದಿಂದ ಇಳಿದು ಕೂಲಿಗಾಗಿ ರೈಲು ಹತ್ತುವ ಠಾಕರನಿಗೆ ಅಲ್ಲಿ ಸ್ಥಳವಿಲ್ಲ.

ಆಧುನಿಕ ಆದಿವಾಸಿಯನ್ನು ಎದುರಿಸಿದ ಚಿತ್ರವೆಂದರೆ ಗೋವಿಂದ ನಿಹಲಾನಿಯವರ ‘ಆಕ್ರೋಶ್’ (1980). ಈ ನಿರ್ದೇಶಕರ ಶಿಕ್ಷಣ ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ನಡೆಯಿತು; ಮೈಸೂರಿನ ವಿ. ಕೆ. ಮೂರ್ತಿಯವರ ಬಳಿ ಅವರು ಸಹಾಯಕರಾಗಿದ್ದರು. ಗಿರೀಶ ಕಾರ್ನಾಡರ ‘ಕಾಡು’ (1973) ಚಿತ್ರಕ್ಕೆ ಛಾಯಾಗ್ರಹಣ ಮಾಡಿದರು. ಕನ್ನಡ ಹೊಸ ಅಲೆಗೂ ಮುಂಬಯಿಯ ಹೊಸ ಅಲೆಗೂ ನಡುವಣ ಕೊಂಡಿಗಳಲ್ಲಿ ಇದೊಂದು. ವಿಜಯ ತೆಂಡೂಲ್ಕರರು ಬರೆದ ‘ಆಕ್ರೋಶ್’ನಲ್ಲಿ ಹೆಂಡತಿಯ ಕೊಲೆಯ ಆರೋಪ ಹೊತ್ತ ಲಹಾನ್ಯಾ ಭೀಕು ಎಂಬ ಆದಿವಾಸಿ ಕೂಲಿಯು ತನ್ನ ವಕೀಲನ ಮುಂದೆಯೂ ಬಾಯಿ ತೆರೆಯುವುದಿಲ್ಲ. ಓಂ ಪುರಿಯವರ ಆ ಮೌನವನ್ನು ಕುರಿತು ಸಾಕಷ್ಟು ಚರ್ಚೆ ನಡೆದಿದೆ. ಚರ್ಚೆಗೆ ಬರಬೇಕಾದಷ್ಟು ಬಾರದಿರುವುದು ಅಮರೀಶ್ ಪುರಿಯವರು ಅಭಿನಯಿಸಿದ ಸರಕಾರಿ ವಕೀಲ ದುಸಾನೆಯ ಪಾತ್ರ.

ದುಸಾನೆಯೂ ಆದಿವಾಸಿಯೇ. ಓದಿ, ವಕೀಲನಾಗಿ, ಊರಿನ ಪ್ರತಿಷ್ಠಿತರ ನಡುವೆ ಸ್ಥಾನ ಪಡೆದವನು. ಅವನಿಗೆ ಆಗಾಗ ಅನಾಮಿಕ ದೂರವಾಣಿ ಕರೆಗಳು ಬರುತ್ತವೆ. ಅವನ ಹುಟ್ಟನ್ನು ಹಿಡಿದು ಹಳಿಯುವ ಬೈಗುಳಗಳು ಕಿವಿಗೆ ಬೀಳುತ್ತವೆ. ಅವನು ರಿಸೀವರು ಇಟ್ಟು ಮತ್ತೆ ಕಾನೂನಿನ ಭಾಷೆಗೆ ಮರಳುತ್ತಾನೆ. ಲಹಾನ್ಯಾನಿಗೆ ಮಾತಿಲ್ಲ. ದುಸಾನೆಗೆ ಮಾತುಂಟು, ಆದರೆ ತನ್ನನ್ನು ಕುರಿತು ಆಡುವ ಮಾತಿಲ್ಲ. ಆದಿವಾಸಿಯು ಕಾಡಿನ ಮುಗ್ಧನೂ ಅಲ್ಲದೆ, ಬಂಡಾಯಗಾರನೂ ಅಲ್ಲದೆ, ಕೋಟು ತೊಟ್ಟ ವೃತ್ತಿಪರನಾಗಿ, ತನ್ನ ಅನನ್ಯತೆಯನ್ನು ಮರೆಮಾಚಬೇಕಾದ ಒತ್ತಡದಲ್ಲಿ ಬದುಕುವ ನಾಗರಿಕನಾಗಿ ಕಾಣಿಸಿಕೊಂಡ ವಿರಳ ಸಂದರ್ಭವಿದು. ದುಸಾನೆಯ ಕಥೆಯನ್ನೇ ಕೇಂದ್ರವಾಗಿಟ್ಟ ಚಿತ್ರಗಳ ಪರಂಪರೆಯೊಂದು ಇದರಿಂದ ಬೆಳೆಯಬಹುದಾಗಿತ್ತು. ಮುಖ್ಯಧಾರೆಯಲ್ಲಿ ಅದು ಬೆಳೆಯಲಿಲ್ಲ.

5

ಬದಲಾವಣೆಯ ಇನ್ನೊಂದು ಎಳೆ ಸಾಕ್ಷ್ಯಚಿತ್ರದ್ದು. 1948ರಲ್ಲಿ ಸ್ಥಾಪಿತವಾಗಿ 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನವಾದ ಫಿಲ್ಮ್ಸ್ ಡಿವಿಜನ್ನಿನ ಕೇಂದ್ರಸ್ಥಾನ ಮುಂಬಯಿಯೇ. ಪ್ರೇಮ್ ವೈದ್ಯರ ಅಂಡಮಾನಿನ ಚಿತ್ರದಂತಹ (1974) ಕೃತಿಗಳಲ್ಲಿ ಆ ಸಂಸ್ಥೆಯು ಬುಡಕಟ್ಟುಗಳನ್ನು ಪ್ರಭುತ್ವದ ಅನ್ವೇಷಣೆಯ ವಸ್ತುವಾಗಿ ಕಂಡಿತು. ಇದಕ್ಕೆ ತೀರ ಭಿನ್ನವಾದ ದೃಷ್ಟಿ ದೇವನಾರದ ಟಾಟಾ ಸಮಾಜವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡಿತು. ಅಲ್ಲಿನ ಅಂಜಲಿ ಮೊಂತೆರೊ ಮತ್ತು ಕೆ. ಪಿ. ಜಯಶಂಕರ್ ಅವರು 1995ರಲ್ಲಿ ತಯಾರಿಸಿದ ‘ಕಹಾನ್‌ಕಾರ್: ಅಹಂಕಾರ್’ ವಾರ್ಲಿಗಳ ಕಥೆಗಳನ್ನೂ ಚಿತ್ರಗಳನ್ನೂ ಮುಂದಿಟ್ಟು, ವಾರ್ಲಿಗಳನ್ನು ಕುರಿತು ಹೊರಗಿನವರು ಕಟ್ಟಿದ ಸಂಕಥನವನ್ನು ಪ್ರಶ್ನಿಸುತ್ತದೆ. ಕಥೆ ಹೇಳುವವನು ಯಾರು, ಕಥೆಯನ್ನು ಕೊಂಡೊಯ್ಯುವವನು ಯಾರು ಎಂಬುದೇ ಅದರ ಶೀರ್ಷಿಕೆಯ ಧ್ವನಿ. ಎಪ್ಪತ್ತರ ದಶಕದಲ್ಲಿ ಜೀವ್ಯಾ ಸೋಮಾ ಮಾಶೆ (1934-2018) ಅವರ ಮೂಲಕ ವಾರ್ಲಿ ಚಿತ್ರಕಲೆ ಮುಂಬಯಿಯ ಕಲಾಶಾಲೆಗಳನ್ನು ಪ್ರವೇಶಿಸಿ, ಕ್ರಮೇಣ ಉಡುಪು, ಗೋಡೆ, ಜಾಹೀರಾತುಗಳ ಅಲಂಕಾರವಾಯಿತು. ವಾರ್ಲಿಯ ರೇಖೆ ನಗರಕ್ಕೆ ಪ್ರಿಯವಾಯಿತು. ವಾರ್ಲಿಯ ನೆರೆಹೊರೆ ಪ್ರಿಯವಾಗಲಿಲ್ಲ. ಈ ಹಿನ್ನೆಲೆಯಲ್ಲಿ 1995ರ ಆ ಚಿತ್ರದ ಪ್ರಶ್ನೆ ಇನ್ನೂ ತೀಕ್ಷ್ಣವಾಗುತ್ತದೆ.

ಆದರೂ ಅದು ಹೊರಗಿನವರ ಆತ್ಮವಿಮರ್ಶೆಯೇ ಹೊರತು ಆದಿವಾಸಿಯ ಸ್ವಂತ ಚಿತ್ರವಲ್ಲ. ಸ್ವಂತ ಚಿತ್ರಗಳ ಚಳವಳಿ ಮುಂಬಯಿಯಲ್ಲಿ ಅಲ್ಲ, ರಾಂಚಿಯಲ್ಲಿ ಬೆಳೆಯಿತು. ಒರಾಂವ್ ಸಮುದಾಯದ ಬೀಜು ಟೊಪ್ಪೊ ಅವರು ಮೇಘನಾಥರೊಡನೆ ‘ಅಖಡಾ’ ಎಂಬ ಬಳಗದ ಮೂಲಕ ಗಣಿ, ಕಾರ್ಖಾನೆ, ಸ್ಥಳಾಂತರಗಳನ್ನು ಕುರಿತು ಚಿತ್ರಗಳನ್ನು ತಯಾರಿಸಿದರು. ಅವುಗಳಲ್ಲಿ ಕೆಲವು ರಾಷ್ಟ್ರಪ್ರಶಸ್ತಿಯನ್ನೂ ಪಡೆದಿವೆ. ಟೊಪ್ಪೊ ಅವರ ‘ಸೋನಾ ಗಹಿ ಪಿಂಜ್ರಾ’ (2011), ನಿರಂಜನ್ ಕುಜೂರ್ ಅವರ ‘ಎಡ್ಪಾ ಕಾನಾ’ (2015) ಕುಡುಖ್ ಭಾಷೆಯ ಚಿತ್ರಗಳು. ಕುಡುಖ್ ಕನ್ನಡದಂತೆಯೇ ದ್ರಾವಿಡ ಭಾಷೆ ಎಂಬುದನ್ನು ಇಲ್ಲಿ ನೆನೆಯಬೇಕು. ಕೇರಳದ ವಯನಾಡಿನಲ್ಲಿ ಪಣಿಯ ಸಮುದಾಯದ ಲೀಲಾ ಸಂತೋಷ್ ಇದೇ ಹಾದಿಯಲ್ಲಿ ಸಾಗಿದರು. ಅರಣ್ಯ ಸಹಾಯ್ ಅವರ ‘ಹ್ಯೂಮನ್ಸ್ ಇನ್ ದ ಲೂಪ್’ (2024) ಆದಿವಾಸಿಯ ಕೃತಿಯಲ್ಲವಾದರೂ, ಕಂಪ್ಯೂಟರಿಗೆ ಚಿತ್ರಗಳನ್ನು ಗುರುತಿಸಲು ಕಲಿಸುವ ಉದ್ಯೋಗದಲ್ಲಿರುವ ಜಾರ್ಖಂಡದ ಒರಾಂವ್ ಹೆಂಗಸೊಬ್ಬಳನ್ನು ನಾಯಕಿಯಾಗಿಸಿ, ಆದಿವಾಸಿಯೆಂದರೆ ಭೂತಕಾಲ ಎಂಬ ಸಮೀಕರಣವನ್ನು ಮುರಿಯುತ್ತದೆ.

ವಿಶ್ವದ ಇತರ ಭಾಗಗಳ ಅನುಭವವೂ ಇಲ್ಲಿ ಉಪಯುಕ್ತ. ನ್ಯೂಜಿಲೆಂಡಿನ ಮಾವೊರಿ ನಿರ್ದೇಶಕ ಬ್ಯಾರಿ ಬಾರ್ಕ್ಲೆ ಅವರು ಮೂಲನಿವಾಸಿಗಳ ಚಿತ್ರಗಳನ್ನು ‘ನಾಲ್ಕನೆಯ ಸಿನಿಮಾ’ ಎಂದು ಕರೆದರು. ಬಂದಿಳಿಯುವ ಹಡಗಿನ ಮೇಲಿನ ಕ್ಯಾಮರಾ ಮತ್ತು ದಡದಲ್ಲಿ ನಿಂತು ನೋಡುವವರ ಕ್ಯಾಮರಾ ಎಂಬ ಅವರ ಭೇದ ಪ್ರಸಿದ್ಧವಾದುದು. ಅಮೆರಿಕದಲ್ಲಿ ಕ್ರಿಸ್ ಐರ್ ಅವರ ‘ಸ್ಮೋಕ್ ಸಿಗ್ನಲ್ಸ್’ (1998) ಇಂಡಿಯನ್ನರೇ ಬರೆದು ನಿರ್ದೇಶಿಸಿ ವ್ಯಾಪಕವಾಗಿ ಬಿಡುಗಡೆಯಾದ ಮೊದಲ ಕಥಾಚಿತ್ರವೆನಿಸಿತು. ಆದರೆ ಮುಂಬಯಿಗೆ ಹೆಚ್ಚು ಹತ್ತಿರವಾದ ಹೋಲಿಕೆ ಕೆಂಟ್ ಮೆಕೆಂಜಿ ಅವರ ‘ದಿ ಎಕ್ಸೈಲ್ಸ್’ (1961). ಮೀಸಲು ಪ್ರದೇಶಗಳಿಂದ ಲಾಸ್ ಏಂಜಲಿಸ್ ನಗರಕ್ಕೆ ಬಂದ ಇಂಡಿಯನ್ ಯುವಕ ಯುವತಿಯರ ಒಂದು ರಾತ್ರಿಯ ಚಿತ್ರಣವದು. ಹಾಲಿವುಡ್ಡು ಕುದುರೆಯೇರಿದ ಇಂಡಿಯನ್ನರನ್ನು ಚಿತ್ರಿಸುತ್ತಿದ್ದ ದಿನಗಳಲ್ಲೇ, ಅದೇ ನಗರದ ಬಾಡಿಗೆ ಕೋಣೆಗಳಲ್ಲಿ ನಿಜವಾದ ಇಂಡಿಯನ್ನರಿದ್ದರು. ಎರಡು ಚಿತ್ರನಗರಿಗಳ ನಡುವಣ ಸಾಮ್ಯ ಸ್ಪಷ್ಟ. ಭೇದವೂ ಅಷ್ಟೇ ಮುಖ್ಯ. ಲಾಸ್ ಏಂಜಲಿಸ್‌ನ ಆ ಯುವಕರು ನಗರಕ್ಕೆ ಬಂದವರು. ಆರೆಯಲ್ಲಿ ನಗರವೇ ಹಾಡಿಗೆ ಬಂದಿತು.

6

ಪ್ರತಿನಿಧೀಕರಣದ ಈ ಚರ್ಚೆ ಕೇವಲ ಸೌಂದರ್ಯಮೀಮಾಂಸೆಯದಲ್ಲ. 1997ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದೊಳಗಿನ ಒತ್ತುವರಿಗಳನ್ನು ತೆರವುಗೊಳಿಸಲು ಆದೇಶಿಸಿದಾಗ, ಕೊಳೆಗೇರಿಗಳ ಜೊತೆಗೆ ಹಾಡಿಗಳ ಸ್ಥಾನಮಾನವೂ ಪ್ರಶ್ನೆಗೊಳಗಾಯಿತು. ಒತ್ತುವರಿದಾರನೆಂದರೆ ಆಮೇಲೆ ಬಂದವನು. ತಾನು ಆಮೇಲೆ ಬಂದವನಲ್ಲ ಎಂದು ತೋರಿಸಲು ಹಾಡಿಯವನ ಬಳಿ ಏನಿದೆ? 2006ರ ಅರಣ್ಯ ಹಕ್ಕುಗಳ ಕಾಯಿದೆಯ ನಿಯಮಗಳು ಗೆಜೆಟಿಯರು, ಜನಗಣತಿ, ನಕಾಶೆ, ಉಪಗ್ರಹ ಚಿತ್ರ, ಮನೆ ಮೊದಲಾದ ಭೌತಿಕ ಕುರುಹು, ಹಿರಿಯರ ಹೇಳಿಕೆ ಇವೆಲ್ಲವನ್ನೂ ಸಾಕ್ಷ್ಯವೆಂದು ಒಪ್ಪುತ್ತವೆ. ಆದರೆ ಆರೆಯು ಅರಣ್ಯವೇ ಅಲ್ಲ, ಹೈನುಗಾರಿಕೆಯ ಸರಕಾರಿ ಭೂಮಿ ಎಂಬ ವಾದ ಆ ಬಾಗಿಲನ್ನೇ ಮುಚ್ಚುತ್ತಿತ್ತು.

ಮೆಟ್ರೋ ರೈಲಿನ ಕಾರ್‌ಶೆಡ್ ಯೋಜನೆಯ ವಿವಾದದಲ್ಲಿ ಈ ವಾದ ಪರಾಕಾಷ್ಠೆ ಮುಟ್ಟಿತು. ಪ್ರಜಾಪುರಪಾಡಾದ ನಿವಾಸಿಗಳು ಆ ಯೋಜನೆಗಾಗಿ ಎತ್ತಂಗಡಿಯಾದರು. 2019ರ ಅಕ್ಟೋಬರ್ 4ರಂದು ಉಚ್ಚ ನ್ಯಾಯಾಲಯವು ಅರ್ಜಿಗಳನ್ನು ವಜಾ ಮಾಡಿತು. ಅಂದು ರಾತ್ರಿಯೇ ಮರಗಳನ್ನು ಕಡಿಯುವ ಕೆಲಸ ಆರಂಭವಾಯಿತು. 7ರಂದು ಸರ್ವೋಚ್ಚ ನ್ಯಾಯಾಲಯ ತಡೆಯುವಷ್ಟರಲ್ಲಿ 2,141 ಮರಗಳು ಉರುಳಿದ್ದವು. ಪ್ರತಿಭಟಿಸಿದ 29 ಮಂದಿ ಬಂಧನಕ್ಕೊಳಗಾದರು. ಮುಂದೆ ಸರಕಾರಗಳು ಬದಲಾದಂತೆ ನಿರ್ಧಾರಗಳೂ ಬದಲಾದವು. 2020ರಲ್ಲಿ ಆರೆಯ ಸುಮಾರು 800 ಎಕರೆಗಳನ್ನು ಮೀಸಲು ಅರಣ್ಯವಾಗಿಸುವ ಕ್ರಮ ನಡೆಯಿತು. 2022ರಲ್ಲಿ ಕಾರ್‌ಶೆಡ್ ಮತ್ತೆ ಆರೆಗೇ ಬಂತು. 2024ರ ಅಕ್ಟೋಬರಿನಲ್ಲಿ ರೈಲು ಸಂಚಾರ ಆರಂಭವಾಯಿತು. ನಮ್ಮ ಗಮನವನ್ನು ಸೆಳೆಯುವುದು ಆ ಅಕ್ಟೋಬರ್ ರಾತ್ರಿಯ ದೃಶ್ಯಗಳು. ಕತ್ತಲಲ್ಲಿ, ಯಂತ್ರಗಳ ಸದ್ದಿನ ನಡುವೆ, ಸ್ಥಳದಲ್ಲಿದ್ದವರು ಕೈಯ ಮೊಬೈಲಿನಿಂದ ತೆಗೆದ ನಡುಗುವ ಚಿತ್ರಗಳವು. ‘ಮಧುಮತಿ’ಗೆ ಅರವತ್ತೊಂದು ವರ್ಷಗಳ ನಂತರ, ಆರೆಯ ಮರಗಳು ಹಿನ್ನೆಲೆಯಾಗಿ ಅಲ್ಲದೆ ವಸ್ತುವಾಗಿ ಚಿತ್ರಿತವಾದವು.

ಇಲ್ಲಿ ಕರ್ನಾಟಕದ ಒಂದು ಅನುಭವವನ್ನು ಪಕ್ಕದಲ್ಲಿಟ್ಟು ನೋಡಬಹುದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಮ್ಮ ಕಾಡಿನ ನೂರಾರು ಪವಿತ್ರ ತಾಣಗಳನ್ನು ತಾವೇ ಹೆಸರಿಸಿ, ಸಂಶೋಧಕರೊಡನೆ ಸೇರಿ ನಕಾಶೆಯಾಗಿಸಿದರು. 2011ರಲ್ಲಿ ಅವರಿಗೆ ಸಮುದಾಯ ಅರಣ್ಯ ಹಕ್ಕುಗಳು ದೊರೆತವು. ಹುಲಿ ಸಂರಕ್ಷಣಾ ಪ್ರದೇಶವೊಂದರಲ್ಲಿ ಇದು ಮೊದಲನೆಯದು. ನಕಾಶೆಯೊಂದೇ ಇದಕ್ಕೆ ಕಾರಣವೆಂದು ಹೇಳಲಾಗದು. ಆದರೆ ನೆಲವನ್ನು ತನ್ನ ಕಣ್ಣಿನಿಂದ ದಾಖಲಿಸಿದ ಸಮುದಾಯದ ಮಾತಿಗೆ ಬೇರೆಯೇ ತೂಕ ಬರುತ್ತದೆ ಎಂಬುದನ್ನು ಅದು ತೋರಿಸುತ್ತದೆ.

ಈ ಹಿನ್ನೆಲೆಯಲ್ಲಿ ನಾವು ಒಂದು ಸಲಹೆಯನ್ನು ಮುಂದಿಡಬಯಸುತ್ತೇವೆ. ಐವತ್ತರ ದಶಕದಿಂದ ಆರೆಯಲ್ಲೂ, 1977ರಿಂದ ಚಿತ್ರನಗರಿಯಲ್ಲೂ ಚಿತ್ರೀಕರಣಗೊಂಡ ಹೊರಾಂಗಣ ದೃಶ್ಯಗಳು ಅರಿವಿಲ್ಲದೆಯೇ ಆ ನೆಲದ ದೀರ್ಘಕಾಲದ ದೃಶ್ಯ ದಾಖಲೆಯಾಗಿವೆ. ನಾಯಕ ನಾಯಕಿಯರ ಬೆನ್ನ ಹಿಂದೆ, ಚೌಕಟ್ಟಿನ ಅಂಚಿನಲ್ಲಿ, ಒಂದು ಗದ್ದೆಬದು, ಒಂದು ಕಾಲುದಾರಿ, ಒಂದು ಹುಲ್ಲುಮಾಡು ಉಳಿದಿರುವ ಸಾಧ್ಯತೆಯಿದೆ. ಚಿತ್ರಗಳನ್ನು ಕಥೆಗಾಗಿ ಓದುವ ಬದಲು ಹಿನ್ನೆಲೆಗಾಗಿ ಓದುವ, ಆ ಓದನ್ನು ಹಾಡಿಗಳ ಹಿರಿಯರ ಮುಂದಿಟ್ಟು ಅವರ ಸ್ಮೃತಿಯೊಡನೆ ತಾಳೆನೋಡುವ ಸಂಶೋಧನೆ ನಡೆಯಬೇಕು. ಅದಕ್ಕೆ ಮರಾಠಿ, ಹಿಂದಿ, ವಾರ್ಲಿ ಮಾತುಗಳ ಪರಿಚಯವುಳ್ಳ, ಆ ನಗರದಲ್ಲೇ ನೆಲೆಸಿದ ಕನ್ನಡ ಸಂಶೋಧಕರು ತಕ್ಕವರು. ವಲಸೆ ಬಂದವರ ಚರಿತ್ರೆಯನ್ನು ಬರೆದ ಕೈಗೆ, ಬಂದವರಿಗೆ ಜಾಗ ಬಿಟ್ಟವರ ಚರಿತ್ರೆಯ ಋಣವೂ ಇದೆ. ಆ ಹೊಸ ಮೆಟ್ರೋ ಮಾರ್ಗದ ಉತ್ತರ ತುದಿಯ ನಿಲ್ದಾಣಕ್ಕೆ ಇಂದು ಆರೆಯ ಹೆಸರೇ ಇದೆ. ಹೆಸರು ಫಲಕದ ಮೇಲೆ ಉಳಿಯಿತು. ಹೆಸರಿನ ಹಿಂದಿನ ಹಾಡಿಗಳು ದಾಖಲೆಯಲ್ಲಿಯೂ ನೆಲದ ಮೇಲೆಯೂ ಉಳಿಯಬೇಕಾದರೆ ಕಾಲ ಹೆಚ್ಚಿಲ್ಲ.